ಕುದುರೆಯ ಗಂಟಲೂ ಅಯಸ್ಕಾಂತದ ಕಣ್ಣೂ

ಬಿಸಿಲಿನಲ್ಲಿ ಓಡಿ ಬಂದ ನಾಯಿಯು ಬಾಯಿ ತೆರೆದು ಏದುಸಿರು ಬಿಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಹೊರೆ ಎಳೆದು ಬಳಲಿದ ಎತ್ತೂ ಕೆಲವೊಮ್ಮೆ ಬಾಯಿ ತೆರೆದು ನಾಲಗೆಯನ್ನು ಹೊರಚಾಚುವುದುಂಟು. ಮನುಷ್ಯನಾದರೋ ನೆಗಡಿಯಿಂದ ಮೂಗು ಕಟ್ಟಿದ ರಾತ್ರಿಯನ್ನು ಬಾಯುಸಿರಿನಿಂದಲೇ ಕಳೆಯಬಲ್ಲನು. ಕುದುರೆಗೆ ಈ ಅನುಕೂಲವಿಲ್ಲ. ಅದು ಎಷ್ಟೇ ವೇಗವಾಗಿ ಓಡಲಿ, ಎಷ್ಟೇ ದಣಿದಿರಲಿ, ಮೂಗಿನಿಂದಲೇ ಉಸಿರಾಡಬೇಕು. ಆದುದರಿಂದ ಅದರ ಗಂಟಲಿನಲ್ಲಿ ಬೆರಳಗಲದ ಅಡಚಣೆ ಉಂಟಾದರೂ ಅದು ಆ ಪ್ರಾಣಿಯ ಬಾಳಿನ ಪ್ರಶ್ನೆಯೇ ಆಗುತ್ತದೆ. ಇಂಥ ಗಂಟಲನ್ನು ಕತ್ತರಿಸದೆಯೇ ಒಳಗಿನವರೆಗೆ ನೋಡುವ ಉಪಾಯವೊಂದು ಈಗ ವಿಜ್ಞಾನಿಗಳ ಕೈಗೆ ಬಂದಿದೆ. ಎಂ.ಆರ್.ಐ. ಎಂದು ಎಲ್ಲರ ಬಾಯಲ್ಲೂ ಇರುವ ಕಾಂತೀಯ ಅನುರಣನ ಚಿತ್ರಣವೇ ಅದು. ಈ ಉಪಾಯವನ್ನು ಕುದುರೆಯ ಅಂಗರಚನೆಯ ಅಧ್ಯಯನಕ್ಕೆ ಹೇಗೆ ಬಳಸುವುದು ಯುಕ್ತ, ಹೇಗೆ ಬಳಸುವುದು ಅಯುಕ್ತ ಎಂಬ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ವಾಚಕರ ಮುಂದೆ, ವಿಶೇಷವಾಗಿ ವಿದ್ಯಾರ್ಥಿಗಳ ಮುಂದೆ, ಇಡಬಯಸುತ್ತೇವೆ.

ಮೊದಲು ಗಂಟಲಿನ ರಚನೆಯನ್ನು ಸ್ವಲ್ಪ ಪರಿಶೀಲಿಸೋಣ. ನಮ್ಮ ಬಾಯಿಯ ಮೇಲ್ಭಾಗದಲ್ಲಿ ಗಟ್ಟಿಯಾದ ಅಂಗುಳವೂ ಅದರ ಹಿಂದೆ ಮೆತ್ತನೆಯ ಅಂಗುಳವೂ ಇವೆ. ಕುದುರೆಯಲ್ಲಿ ಈ ಮೆತ್ತನೆಯ ಅಂಗುಳವು ಬಹಳ ಉದ್ದವಾಗಿ ಬೆಳೆದು ಧ್ವನಿಪೆಟ್ಟಿಗೆಯ ಬುಡವನ್ನು ಸುತ್ತಲೂ ಬಿಗಿಯಾಗಿ ಹಿಡಿದಿರುತ್ತದೆ. ಅಂಗಿಯ ಕಾಜದಲ್ಲಿ ಗುಂಡಿಯು ಸಿಕ್ಕಿಕೊಂಡಿರುವಂತೆ ಧ್ವನಿಪೆಟ್ಟಿಗೆಯು ಅಂಗುಳದ ರಂಧ್ರದಲ್ಲಿ ಕುಳಿತಿರುತ್ತದೆ ಎಂದರೆ ಸರಿಯಾದೀತು. ಇದರ ಫಲವಾಗಿ ಮೂಗಿನಿಂದ ಶ್ವಾಸನಾಳಕ್ಕೆ ಹೋಗುವ ದಾರಿಯೂ ಬಾಯಿಂದ ಅನ್ನನಾಳಕ್ಕೆ ಹೋಗುವ ದಾರಿಯೂ ನುಂಗುವ ಕ್ಷಣವನ್ನುಳಿದು ಬೇರೆ ಬೇರೆಯಾಗಿಯೇ ಇರುತ್ತವೆ. ವಿಶ್ರಾಂತಿಯಲ್ಲಿರುವ ಕುದುರೆಯು ನಿಮಿಷಕ್ಕೆ ಹನ್ನೆರಡರಷ್ಟು ಸಲ, ಒಂದೊಂದು ಸಲಕ್ಕೆ ಸುಮಾರು 5 ಲೀಟರಿನಷ್ಟು ಗಾಳಿಯನ್ನು ಎಳೆದುಕೊಳ್ಳುತ್ತದೆ. ಅದೇ ಕುದುರೆಯು ನಾಗಾಲೋಟಕ್ಕೆ ಬಿದ್ದಾಗ ಒಂದು ನೆಗೆತಕ್ಕೆ ಒಂದು ಉಸಿರಿನ ಲೆಕ್ಕದಲ್ಲಿ ನಿಮಿಷಕ್ಕೆ ನೂರಿಪ್ಪತ್ತಕ್ಕೂ ಹೆಚ್ಚು ಸಲ ಉಸಿರಾಡುತ್ತದೆ. ಆಗ ನಿಮಿಷವೊಂದಕ್ಕೆ 1500 ಲೀಟರಿಗೂ ಮಿಗಿಲಾದ ಗಾಳಿಯು ಆ ಒಂದೇ ಇಕ್ಕಟ್ಟಾದ ಬಾಗಿಲಿನಿಂದ ಒಳಕ್ಕೆ ನುಗ್ಗಬೇಕು.

ಆ ಬಾಗಿಲನ್ನು ತೆರೆದಿಡುವ ಕೆಲಸ ಧ್ವನಿಪೆಟ್ಟಿಗೆಯ ಎರಡು ಪಕ್ಕಗಳಲ್ಲಿರುವ ಒಂದೊಂದು ಪುಟ್ಟ ಸ್ನಾಯುವಿನದು. ಆ ಸ್ನಾಯುಗಳಿಗೆ ಆಜ್ಞೆಯನ್ನು ತರುವ ನರಗಳ ಪ್ರಯಾಣವು ವಿಚಿತ್ರವಾದುದು. ಎಡಗಡೆಯ ನರವು ಮಿದುಳಿನಿಂದ ಹೊರಟು, ಗಂಟಲಿನ ಪಕ್ಕದಲ್ಲಿಯೇ ಹಾದುಹೋದರೂ ಅಲ್ಲಿ ನಿಲ್ಲದೆ, ಉದ್ದನೆಯ ಕೊರಳನ್ನೆಲ್ಲ ಇಳಿದು ಎದೆಗೂಡಿನೊಳಕ್ಕೆ ಹೋಗುತ್ತದೆ. ಹೃದಯದಿಂದ ಹೊರಡುವ ಮಹಾಪಧಮನಿಯನ್ನು ಬಳಸಿ ತಿರುಗಿ, ಮತ್ತೆ ಕೊರಳನ್ನೇರಿ ಧ್ವನಿಪೆಟ್ಟಿಗೆಗೆ ಬರುತ್ತದೆ. ದೊಡ್ಡ ಕುದುರೆಯಲ್ಲಿ ಈ ದಾರಿಯು 2 ಮೀಟರಿಗೂ ಹೆಚ್ಚು ಉದ್ದವಾಗಿರುತ್ತದೆ. ಭ್ರೂಣದಲ್ಲಿ ಹೃದಯವು ಗಂಟಲಿನ ಸಮೀಪದಲ್ಲಿಯೇ ಇದ್ದು, ಆಮೇಲೆ ಎದೆಗೆ ಇಳಿಯುವಾಗ ರಕ್ತನಾಳವು ನರವನ್ನೂ ತನ್ನೊಡನೆ ಎಳೆದುಕೊಂಡು ಹೋಗುವುದೇ ಈ ಬಳಸುದಾರಿಗೆ ಕಾರಣ. ಎರಡನೆಯ ಶತಮಾನದಲ್ಲಿ ರೋಮ್ ನಗರದಲ್ಲಿದ್ದ ವೈದ್ಯ ಗ್ಯಾಲೆನನು ಹಂದಿಯಲ್ಲಿ ಈ ನರಗಳನ್ನು ಕತ್ತರಿಸಿ, ಕಿರುಚುತ್ತಿದ್ದ ಪ್ರಾಣಿಯು ಒಡನೆಯೇ ಮೂಕವಾದುದನ್ನು ತೋರಿಸಿದ್ದನು. ಕುದುರೆಗಳಲ್ಲಿ, ಅದರಲ್ಲಿಯೂ ಎತ್ತರವಾದ ಕುದುರೆಗಳಲ್ಲಿ, ಈ ಎಡನರವು ತಾನಾಗಿಯೇ ಕ್ಷೀಣಿಸುವುದುಂಟು. ಆಗ ಎಡಗಡೆಯ ಸ್ನಾಯುವು ಬಡಕಲಾಗಿ ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತದೆ. ಓಡುವಾಗ ಒಳಕ್ಕೆ ಎಳೆದುಕೊಳ್ಳುವ ಉಸಿರಿನಲ್ಲಿ ಗರಗಸದಂಥ ಶಬ್ದ ಕೇಳಿಸುತ್ತದೆ. ಪ್ರಾಣಿಯು ಬೇಗನೆ ದಣಿಯುತ್ತದೆ.

ಈ ಗಂಟಲಿನಲ್ಲಿ ಇನ್ನೊಂದು ಸೋಜಿಗವಿದೆ. ಕಿವಿಯಿಂದ ಗಂಟಲಿಗೆ ಬರುವ ನಾಳವು ನಮ್ಮಲ್ಲಿ ಕೇವಲ ಒಂದು ಸಣ್ಣ ಕೊಳವೆ. ಕುದುರೆ, ಕತ್ತೆ, ಜೀಬ್ರಾಗಳಲ್ಲಿ ಅದು ಉಬ್ಬಿ, ಬದಿಗೊಂದರಂತೆ ಎರಡು ಗಾಳಿಚೀಲಗಳಾಗಿ ಬೆಳೆದಿರುತ್ತದೆ. ಒಂದೊಂದು ಚೀಲದಲ್ಲಿಯೂ ಅರ್ಧ ಲೀಟರಿನ ಹತ್ತಿರ ಹತ್ತಿರ ಗಾಳಿ ಹಿಡಿಯುತ್ತದೆ. ಅದರ ತೆಳುವಾದ ಗೋಡೆಯಲ್ಲಿ ಮಿದುಳಿಗೆ ರಕ್ತವನ್ನೊಯ್ಯುವ ಅಪಧಮನಿಯೂ ನುಂಗುವುದಕ್ಕೂ ನಾಲಗೆಯ ಚಲನೆಗೂ ಬೇಕಾದ ನರಗಳೂ ಹಾದುಹೋಗುತ್ತವೆ. ಓಟದ ಕಾಲದಲ್ಲಿ ಮಿದುಳಿಗೆ ಹೋಗುವ ರಕ್ತವನ್ನು ತಂಪಾಗಿಡುವುದೇ ಈ ಚೀಲಗಳ ಕಾರ್ಯವಿರಬಹುದೆಂದು 2000ನೆಯ ಇಸವಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಕೆಲವರು ವಿಜ್ಞಾನಿಗಳು ವಾದಿಸಿದರು. ಕಾರ್ಯವೇನೇ ಇರಲಿ, ಅಪಾಯವಂತೂ ನಿಶ್ಚಯ. ಚೀಲದಲ್ಲಿ ಬೂಷ್ಟು ಬೆಳೆದು ಅಪಧಮನಿಯ ಗೋಡೆಯನ್ನು ಕೊರೆದರೆ ಕುದುರೆಯು ಮೂಗಿನಿಂದ ರಕ್ತ ಸುರಿದು ಸಾಯಬಹುದು. ಗಂಟಲ ಗ್ರಂಥಿಗಳು ಊದಿ ಕೀವಾಗುವ ಸಾಂಕ್ರಾಮಿಕ ಜಾಡ್ಯವೊಂದರ ಬ್ಯಾಕ್ಟೀರಿಯಗಳು, ಕುದುರೆಯು ಗುಣವಾದಂತೆ ಕಂಡ ಮೇಲೂ ಇದೇ ಚೀಲದಲ್ಲಿ ತಿಂಗಳುಗಟ್ಟಲೆ ಅಡಗಿದ್ದು ಲಾಯದ ಇತರ ಕುದುರೆಗಳಿಗೆ ತಗಲುವುದೂ ಉಂಟು.

ಇಷ್ಟು ಜಟಿಲವಾದ ಪ್ರದೇಶವನ್ನು ಅರಿಯುವುದು ಹೇಗೆ? ನೂರಾರು ವರ್ಷಗಳಿಂದ ಶವಚ್ಛೇದನದ ಕತ್ತಿಯೇ ನಮ್ಮ ಗುರು. ಅದರ ಉಪಕಾರವನ್ನು ಯಾರೂ ಮರೆಯಲಾಗದು. ಆದರೆ ಕತ್ತಿಯು ತಾಗಿದ ಕೂಡಲೆ ಗಾಳಿಚೀಲವು ಕುಸಿಯುತ್ತದೆ, ಅಂಗುಳವು ಧ್ವನಿಪೆಟ್ಟಿಗೆಯಿಂದ ಜಾರುತ್ತದೆ. ಅಂಗಗಳು ದೊರೆಯುತ್ತವೆ, ಅವುಗಳ ನೆಲೆಯು ಕೆಡುತ್ತದೆ. ಎಕ್ಸ್‌ರೇ ಚಿತ್ರವು ಎಲುಬನ್ನು ಚೆನ್ನಾಗಿ ತೋರಿಸುವುದಾದರೂ ಮೆತ್ತನೆಯ ಮಾಂಸಖಂಡಗಳನ್ನು ಒಂದಕ್ಕೊಂದು ಬೇರ್ಪಡಿಸಿ ತೋರಿಸಲಾರದು. ಮೂಗಿನೊಳಗಿಂದ ಇಳಿಬಿಡುವ ಎಂಡೋಸ್ಕೋಪ್ ಎಂಬ ದರ್ಶಕನಾಳವು ಗಂಟಲಿನ ಒಳಮೈಯನ್ನು ತೋರಿಸುತ್ತದೆ. ಆದರೆ ಗೋಡೆಯ ಹಿಂದೆ ಏನಿದೆಯೆಂಬುದು ಅದಕ್ಕೆ ಕಾಣದು.

ಗೋಡೆಯ ಹಿಂದಿನದನ್ನು ಕಾಣುವ ಕಣ್ಣೇ ಎಂ.ಆರ್.ಐ. ಪ್ರಾಣಿಯ ದೇಹದಲ್ಲಿ ಹೆಚ್ಚಿನ ಪಾಲು ನೀರು. ನೀರಿನ ಪ್ರತಿಯೊಂದು ಅಣುವಿನಲ್ಲಿಯೂ ಎರಡು ಹೈಡ್ರೋಜನ್ ಪರಮಾಣುಗಳಿವೆ. ಹೈಡ್ರೋಜನ್ನಿನ ಬೀಜಕೇಂದ್ರವು ಅತಿ ಸೂಕ್ಷ್ಮವಾದ ಒಂದು ಅಯಸ್ಕಾಂತದಂತೆ ವರ್ತಿಸುತ್ತದೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಬಳಸುವ 1.5 ಟೆಸ್ಲಾ ಬಲದ ಯಂತ್ರದ ಕಾಂತಕ್ಷೇತ್ರವು ನಮ್ಮ ನಾಡಿನಲ್ಲಿ ಭೂಮಿಯ ಕಾಂತಕ್ಷೇತ್ರಕ್ಕಿರುವ ಬಲದ ಮೂವತ್ತು ಸಾವಿರ ಪಟ್ಟಿಗಿಂತಲೂ ಹೆಚ್ಚು. ಅದರೊಳಗೆ ಇಟ್ಟಾಗ ಈ ಬೀಜಕೇಂದ್ರಗಳಲ್ಲಿ ಸ್ವಲ್ಪ ಹೆಚ್ಚಿನವು ಕ್ಷೇತ್ರದ ದಿಕ್ಕಿಗೆ ಹೊಂದಿಕೊಳ್ಳುತ್ತವೆ. ಆಗ ಸೆಕೆಂಡಿಗೆ ಸುಮಾರು 6 ಕೋಟಿ 40 ಲಕ್ಷ ಕಂಪನಗಳುಳ್ಳ ರೇಡಿಯೋ ಅಲೆಯನ್ನು ಹಾಯಿಸಿದರೆ ಅವು ಆ ಶಕ್ತಿಯನ್ನು ಹೀರಿ ದಿಕ್ಕು ತಪ್ಪುತ್ತವೆ. ಅಲೆಯನ್ನು ನಿಲ್ಲಿಸಿದೊಡನೆ ತಾವೇ ಕ್ಷೀಣವಾದ ರೇಡಿಯೋ ಸಂಕೇತವನ್ನು ಹೊರಡಿಸುತ್ತ ಮೊದಲಿನ ಸ್ಥಿತಿಗೆ ಮರಳುತ್ತವೆ. ಕೊಬ್ಬಿನಲ್ಲಿ, ಸ್ನಾಯುವಿನಲ್ಲಿ, ಮೃದ್ವಸ್ಥಿಯಲ್ಲಿ ಈ ಮರಳುವ ವೇಗವು ಬೇರೆ ಬೇರೆ. ಆ ವ್ಯತ್ಯಾಸವೇ ಚಿತ್ರದಲ್ಲಿ ಬೆಳಕು ನೆರಳುಗಳಾಗಿ ಮೂಡುತ್ತದೆ. ಬಡಕಲಾದ ಸ್ನಾಯುವು ಆರೋಗ್ಯವಾದ ಸ್ನಾಯುವಿನ ಪಕ್ಕದಲ್ಲಿಯೇ ಬೇರೆಯಾಗಿ ಕಾಣುವುದು ಇದರಿಂದಲೇ.

ಈ ವಿದ್ಯೆಯ ಇತಿಹಾಸದಲ್ಲಿ ನಮ್ಮ ನಾಡಿಗೂ ಒಂದು ಸ್ಥಾನವಿದೆಯೆಂಬುದನ್ನು ವಿದ್ಯಾರ್ಥಿಗಳು ಅರಿತಿರಬೇಕು. ಬೀಜಕೇಂದ್ರಗಳ ಈ ಅನುರಣನವನ್ನು ದ್ರವ ಘನಪದಾರ್ಥಗಳಲ್ಲಿ 1946ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಬ್ಲಾಖ್ ಮತ್ತು ಪರ್ಸೆಲ್. ಅದಾದ ಐದೇ ವರ್ಷಗಳಲ್ಲಿ, 1951ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವದಲ್ಲಿ ಈ ಸಂಕೇತವು ಹೇಗೆ ಬದಲಾಗುತ್ತದೆಂಬುದನ್ನು ಪ್ರಯೋಗದಿಂದ ತಿಳಿಸಿದರು. ರಕ್ತದ ಹರಿವನ್ನು ಚಿತ್ರಿಸುವ ಇಂದಿನ ವಿಧಾನಗಳ ಪೂರ್ವಜರಲ್ಲಿ ಅದೂ ಒಂದು. ಸಂಕೇತವು ದೇಹದ ಯಾವ ಸ್ಥಳದಿಂದ ಬಂದಿತೆಂಬುದನ್ನು ಗುರುತಿಸಿ ಚಿತ್ರ ಬರೆಯುವ ಮಾರ್ಗವನ್ನು 1973ರಲ್ಲಿ ಲಾಟರ್‌ಬರ್ ತೋರಿಸಿದರು. ಅದನ್ನು ಗಣಿತದಿಂದ ಸುಲಭಗೊಳಿಸಿ, ಇಂದು ಎಲ್ಲ ಯಂತ್ರಗಳಿಗೂ ಆಧಾರವಾಗಿರುವ ಕ್ರಮವನ್ನು 1975ರಲ್ಲಿ ಪ್ರಕಟಿಸಿದ ಮೂವರಲ್ಲಿ ಮೊದಲನೆಯ ಹೆಸರು ಅನಿಲ್ ಕುಮಾರ್ ಅವರದು. ಅವರು ಬೆಂಗಳೂರಿನ ಅದೇ ಸಂಸ್ಥೆಯಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದರು. ಉಳಿದ ಇಬ್ಬರು ವೆಲ್ಟಿ ಮತ್ತು ಎರ್ನ್ಸ್ಟ್. 2003ರಲ್ಲಿ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಅವರಿಗೆ ಇದಕ್ಕಾಗಿ ನೊಬೆಲ್ ಪಾರಿತೋಷಕವು ಸಂದಿತು.

ಕುದುರೆಯ ಗಂಟಲಿನ ವಿಷಯದಲ್ಲಿ ಈ ಯಂತ್ರವು ಸಾಧಿಸಿದ್ದೇನು? ಒಂದು ಉದಾಹರಣೆ ಸಾಕು. ಕೆಲವು ಕುದುರೆಗಳಲ್ಲಿ ಧ್ವನಿಪೆಟ್ಟಿಗೆಯ ಮೃದ್ವಸ್ಥಿಗಳು ಹುಟ್ಟಿನಿಂದಲೇ ಒಂದಕ್ಕೊಂದು ಸರಿಯಾಗಿ ಕೂಡಿಕೊಂಡಿರುವುದಿಲ್ಲ. ದರ್ಶಕನಾಳದಿಂದ ನೋಡಿದರೆ ಕಾಣುವುದು ಬಾಗಿಲಿನ ಒಂದು ರೆಕ್ಕೆ ಅಲುಗುತ್ತಿಲ್ಲವೆಂಬುದಷ್ಟೇ. ಇದು ನರದ ದೋಷವೆಂದು ಬಗೆದು ಶಸ್ತ್ರಚಿಕಿತ್ಸೆಗೆ ಕೈಹಾಕಿದರೆ ಫಲ ದೊರೆಯುವುದು ಕಷ್ಟ. ಏಕೆಂದರೆ ಕೆಟ್ಟಿರುವುದು ಬಾಗಿಲಿನ ಚೌಕಟ್ಟೇ ಹೊರತು ಅದನ್ನು ಎಳೆಯುವ ಹಗ್ಗವಲ್ಲ. 2009ರಲ್ಲಿ ಅಮೆರಿಕದ ಪಶುವೈದ್ಯರು ಇಂಥ ಐದು ಕುದುರೆಗಳ ಗಂಟಲನ್ನು ಎಂ.ಆರ್.ಐ. ಯಂತ್ರದಿಂದಲೂ ಅಲ್ಟ್ರಾಸೌಂಡ್ ಉಪಕರಣದಿಂದಲೂ ಪರೀಕ್ಷಿಸಿ, ಮೃದ್ವಸ್ಥಿಗಳ ಈ ಜನ್ಮದೋಷವನ್ನು ಜೀವಂತ ಪ್ರಾಣಿಯಲ್ಲಿಯೇ ಗುರುತಿಸಬಹುದೆಂದು ಪ್ರಕಟಿಸಿದರು. ಈ ವರದಿಯಲ್ಲಿ ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವುದು ಎರಡನೆಯ ಉಪಕರಣದ ಹೆಸರು. ಭಾರಿ ಯಂತ್ರವು ತೋರಿದ ಸತ್ಯವನ್ನು ಕೈಯಲ್ಲಿ ಹಿಡಿಯಬಹುದಾದ ಉಪಕರಣವೂ ತೋರಿತು. ಅಲ್ಟ್ರಾಸೌಂಡಿಗೆ ಪ್ರಾಣಿಯನ್ನು ಮಲಗಿಸಬೇಕಾಗಿಲ್ಲ. ನಿಂತ ಕುದುರೆಯ ಕೊರಳಿಗೆ ಹೊರಗಿನಿಂದ ತಾಗಿಸಿದರೆ ಸಾಕು.

ಯಂತ್ರದ ಮಿತಿಗಳನ್ನೂ ಮುಚ್ಚಿಡಬಾರದು. ಮನುಷ್ಯನಿಗಾಗಿ ನಿರ್ಮಿಸಿದ ಸುರಂಗದ ಅಗಲವು 60–70 ಸೆಂಟಿಮೀಟರುಗಳಷ್ಟೇ. ಕುದುರೆಯ ತಲೆಯೂ ಕೊರಳಿನ ಮೇಲ್ಭಾಗವೂ ಅದರೊಳಗೆ ಹೋದಾವು, ಎದೆಯು ಹೋಗದು. ಆದುದರಿಂದ ಎಡನರದ ದೀರ್ಘಯಾತ್ರೆಯ ಬಹುಭಾಗ ಈ ಕಣ್ಣಿಗೂ ಮರೆಯೇ. ಲಾಳಗಳನ್ನು ಕಿತ್ತಿಡಬೇಕು; ಕಬ್ಬಿಣವನ್ನು ಆ ಅಯಸ್ಕಾಂತದ ಬಳಿಗೆ ತರುವುದು ಪ್ರಾಣಾಪಾಯಕರ. ನಿಂತ ಕುದುರೆಯ ಕಾಲನ್ನು ಚಿತ್ರಿಸುವ ಸಣ್ಣ ಯಂತ್ರಗಳು ಬಂದಿವೆಯಾದರೂ ಉಸಿರಾಡುತ್ತ ನುಂಗುತ್ತ ಇರುವ ಗಂಟಲಿನ ಸ್ಪಷ್ಟ ಚಿತ್ರಕ್ಕೆ ಕುದುರೆಯು ನಿಶ್ಚಲವಾಗಿರಬೇಕು, ಎಂದರೆ ಅರಿವಳಿಕೆಯಲ್ಲಿ ಮಲಗಿರಬೇಕು. ನಾಲ್ಕೈದು ನೂರು ಕಿಲೋಗ್ರಾಂ ತೂಗುವ ಪ್ರಾಣಿಯನ್ನು ಮಲಗಿಸುವುದು ಆಟವಲ್ಲ. ನಲವತ್ತು ಸಾವಿರಕ್ಕೂ ಹೆಚ್ಚು ಕುದುರೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡು 2002ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಹೊಟ್ಟೆಶೂಲೆಯ ರೋಗಿಗಳನ್ನು ಬಿಟ್ಟರೂ, ಅರಿವಳಿಕೆಗೆ ಒಳಗಾದ ಕುದುರೆಗಳಲ್ಲಿ ನೂರಕ್ಕೆ ಸುಮಾರು ಒಂದು ಸತ್ತಿತೆಂದು ಕಂಡುಬಂದಿತು. ಇದಲ್ಲದೆ, ಮಲಗಿದ ಕುದುರೆಯ ಗಂಟಲು ಓಡುವ ಕುದುರೆಯ ಗಂಟಲಲ್ಲ. ಓಟದಲ್ಲಿ ಮಾತ್ರ ತಲೆದೋರುವ ದೋಷವನ್ನು ಓಡುತ್ತಿರುವಾಗಲೇ ದರ್ಶಕನಾಳದಿಂದ ನೋಡಬೇಕಾಗುತ್ತದೆ.

ಈ ಗುಣದೋಷಗಳನ್ನು ತೂಗಿ ನೋಡಿ ನಾವು ಹೇಳಬಯಸುವುದಿಷ್ಟು. ಕೇವಲ ಕುತೂಹಲಕ್ಕಾಗಿ, ಅಥವಾ ಪ್ರಬಂಧವೊಂದರ ಪುಟಗಳನ್ನು ತುಂಬಿಸುವುದಕ್ಕಾಗಿ, ಆರೋಗ್ಯವಾಗಿರುವ ಕುದುರೆಯನ್ನು ಅರಿವಳಿಕೆಗೆ ಒಳಪಡಿಸಿ ಯಂತ್ರದೊಳಗೆ ತೂರಿಸುವುದು ತಪ್ಪು. ನೂರಕ್ಕೊಂದು ಸಾವಿನ ಸಂಭವವನ್ನು ಆ ಮೂಕಪ್ರಾಣಿಯ ಮೇಲೆ ಹೇರಲು ನಮಗೆ ಅಧಿಕಾರವಿಲ್ಲ. ಜೀವಂತ ಕುದುರೆಯನ್ನು ಚಿತ್ರಿಸುವುದಾದರೆ ಅದರ ಸ್ವಂತ ರೋಗದ ಪರಿಹಾರಕ್ಕಾಗಿ ಮಾತ್ರ ಚಿತ್ರಿಸತಕ್ಕದ್ದು. ಅಂಗರಚನೆಯ ಅಧ್ಯಯನಕ್ಕೆ ಸಹಜವಾಗಿ ಸತ್ತ ಕುದುರೆಗಳ ತಲೆಗಳೇ ಸಾಕು. ಸತ್ತ ಕೆಲವೇ ಗಂಟೆಗಳಲ್ಲಿ, ಕತ್ತಿಯನ್ನು ತಾಗಿಸುವ ಮೊದಲು, ತಲೆಯನ್ನು ಸಹಜವಾದ ಭಂಗಿಯಲ್ಲಿಟ್ಟು ಚಿತ್ರ ತೆಗೆಯಬೇಕು. ಆಮೇಲೆ ಅದನ್ನು ಹೆಪ್ಪುಗಟ್ಟಿಸಿ, ಚಿತ್ರದ ಪದರುಗಳಿಗೆ ಸರಿಯಾಗಿ ಗರಗಸದಿಂದ ಸೀಳಿ, ಒಂದೊಂದು ಸೀಳನ್ನೂ ಅದರ ಚಿತ್ರದೊಡನೆ ಹೋಲಿಸಿ ನೋಡಬೇಕು. ಈ ಕ್ರಮವನ್ನು ಹಿಂದುಮುಂದು ಮಾಡುವಂತಿಲ್ಲ. ಮಂಜುಗಟ್ಟಿದ ನೀರಿನ ಹೈಡ್ರೋಜನ್ನಿನಿಂದ ಈ ಯಂತ್ರಕ್ಕೆ ಸಂಕೇತವೇ ಸಿಗದು. ಹೀಗೆ ಕತ್ತಿಯೂ ಯಂತ್ರವೂ ಒಂದನ್ನೊಂದು ತಿದ್ದಿದಾಗ ದೊರೆಯುವ ಜ್ಞಾನವೇ ನಂಬಲರ್ಹವಾದುದು.

ಇಂಥ ಕಾರ್ಯಕ್ಕೆ ಬೇಕಾದ ಸಾಮಗ್ರಿಯು ನಮ್ಮ ರಾಜ್ಯದಲ್ಲಿ ಇಲ್ಲದಿಲ್ಲ. ಟೀಪೂ ಸುಲ್ತಾನನ ಅಶ್ವದಳದ ಕಾಲದಿಂದಲೂ ಕುದುರೆ ಸಾಕಣೆಗೆ ಹೆಸರಾದ ಊರು ಕುಣಿಗಲ್. ಬೆಂಗಳೂರು, ಮೈಸೂರುಗಳಲ್ಲಿ ಪಂದ್ಯದ ಕುದುರೆಗಳುಂಟು. ಮೈಸೂರಿನಲ್ಲಿ ಅಶ್ವಾರೋಹಿ ಪೊಲೀಸ್ ಪಡೆಯೂ ಟಾಂಗಾ ಗಾಡಿಗಳೂ ಉಂಟು. 1958ರಲ್ಲಿ ಹೆಬ್ಬಾಳದಲ್ಲಿ ಸ್ಥಾಪನೆಯಾದ ಪಶುವೈದ್ಯ ಕಾಲೇಜು ಇದೆ. ಬೀದರಿನಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವಿದೆ. ಹಿಂದಿನವರೂ ಈ ವಿಷಯವನ್ನು ಅಲಕ್ಷಿಸಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಕೀರ್ತಿವರ್ಮನು ಕನ್ನಡದಲ್ಲಿ 'ಗೋವೈದ್ಯ'ವನ್ನು ರಚಿಸಿದನು. ಅಭಿನವಚಂದ್ರನು ಅಶ್ವಗಳ ವೈದ್ಯವನ್ನು ಕುರಿತು ಗ್ರಂಥ ಬರೆದನು. ಪಶುಗಳ ಶಾಸ್ತ್ರವನ್ನು ಜನರ ಭಾಷೆಯಲ್ಲಿ ಹೇಳಬೇಕೆಂಬ ಆ ಸಂಪ್ರದಾಯವನ್ನು ಮುಂದುವರಿಸಿ, ಕನ್ನಡದ ಹೆಸರುಗಳನ್ನು ಕೊಟ್ಟು, ಕುದುರೆಯ ಗಂಟಲಿನ ಚಿತ್ರಸಂಪುಟವೊಂದನ್ನು ಸಿದ್ಧಪಡಿಸಿ ಎಲ್ಲರಿಗೂ ಬಿಟ್ಟಿಯಾಗಿ ದೊರೆಯುವಂತೆ ಮಾಡಬೇಕೆಂಬುದು ನಮ್ಮ ಸೂಚನೆ.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ನಾವು ಅರಿಯದವರಲ್ಲ. ಮನುಷ್ಯರೇ ಸರದಿ ಕಾಯುತ್ತಿರುವ ಯಂತ್ರದಲ್ಲಿ ಕುದುರೆಗೇಕೆ ಪಾಲು ಎಂದು ಒಬ್ಬರು ಕೇಳಬಹುದು. ನಾವು ಬೇಡುತ್ತಿರುವುದು ರೋಗಿಗಳ ಸರದಿಯನ್ನಲ್ಲ. ಪಶುವೈದ್ಯಕ್ಕೆಂದೇ ಇರುವ ಅಥವಾ ಮುಂದೆ ಬರುವ ಯಂತ್ರಗಳಲ್ಲಿ ಕೆಲವು ಗಂಟೆಗಳ ಕಾಲವನ್ನು. ಒಮ್ಮೆ ಸರಿಯಾಗಿ ತೆಗೆದ ಚಿತ್ರವು ಹತ್ತಾರು ವರ್ಷ ಪಾಠ ಹೇಳುತ್ತದೆ. ಇದೆಲ್ಲವೂ ಜೂಜಿನ ಕುದುರೆಗಳ ಧಣಿಗಳಿಗೆ ಲಾಭವಲ್ಲವೇ ಎಂದು ಇನ್ನೊಬ್ಬರು ಕೇಳಬಹುದು. ಜ್ಞಾನವು ಧಣಿಗಳ ಕಪಾಟಿನಲ್ಲಿಯೇ ಉಳಿದರೆ ಆ ಆಕ್ಷೇಪವು ನ್ಯಾಯವೇ. ಆದುದರಿಂದಲೇ ಅದನ್ನು ಸಾರ್ವಜನಿಕಗೊಳಿಸಬೇಕೆನ್ನುತ್ತೇವೆ. ಗಾಳಿಚೀಲದ ಕೀವು ಪಂದ್ಯದ ಕುದುರೆಗೂ ಟಾಂಗಾ ಕುದುರೆಗೂ ಭೇದವೆಣಿಸುವುದಿಲ್ಲ. ಟಾಂಗಾವಾಲನ ಕುದುರೆ ಬಿದ್ದರೆ ಅವನ ಮನೆಯ ಒಲೆಯೂ ಆರುತ್ತದೆ.

ಮೂರನೆಯ ಪ್ರಶ್ನೆಯು ಮಂಡ್ಯದ ಸೀಮೆಯ ಕೆರಗೋಡಿನಂಥ ಊರಿನ ವಿದ್ಯಾರ್ಥಿಯದಾಗಿರಬಹುದು: ಎತ್ತು, ಎಮ್ಮೆ, ಕುರಿಗಳ ನಡುವೆ ಬೆಳೆದ ನಮಗೆ ಕುದುರೆಯ ಗಂಟಲಿನಿಂದ ಏನಾಗಬೇಕು? ಇದು ಉಚಿತವಾದ ಪ್ರಶ್ನೆ. ಕುದುರೆಯ ಕೊರಳಿನಲ್ಲಿ ಎಡನರವು ಬಳಸಿ ಬರುವ ದಾರಿಯು, ಉದ್ದದಲ್ಲಿ ಹೆಚ್ಚು ಕಡಮೆಯಾದರೂ, ಕಬ್ಬಿನ ಗಾಡಿಯನ್ನೆಳೆಯುವ ಹಳ್ಳಿಕಾರ್ ಎತ್ತಿನಲ್ಲಿಯೂ ಅದೇ, ಮನುಷ್ಯನಲ್ಲಿಯೂ ಅದೇ. ಕುದುರೆಯ ಗಂಟಲನ್ನು ಯಂತ್ರದಿಂದ ನೋಡಿ, ಕತ್ತಿಯಿಂದ ಪರೀಕ್ಷಿಸಿ, ಅಲ್ಟ್ರಾಸೌಂಡಿನ ಮಬ್ಬು ಚಿತ್ರವನ್ನು ಓದಲು ಕಲಿತ ಪಶುವೈದ್ಯನು ಅದೇ ಕ್ರಮದಿಂದ ಎತ್ತಿನ ಗಂಟಲನ್ನೂ ಓದಲು ಕಲಿಯಬಲ್ಲನು. ಕೆರಗೋಡಿಗೆ ಎಂ.ಆರ್.ಐ. ಯಂತ್ರವು ಬರಬೇಕಾಗಿಲ್ಲ, ಅದು ಕಲಿಸಿದ ಪಾಠವು ಸಣ್ಣ ಉಪಕರಣದೊಡನೆ ವೈದ್ಯನ ಕೈಚೀಲದಲ್ಲಿ ಬಂದರೆ ಸಾಕು. ದುಬಾರಿ ಯಂತ್ರವು ಅಗ್ಗದ ಉಪಕರಣವನ್ನೂ ವೈದ್ಯನ ಕೈಬೆರಳನ್ನೂ ಜಾಣಗೊಳಿಸುವುದಾದರೆ ಮಾತ್ರ ಬಡದೇಶದ ವಿಜ್ಞಾನದಲ್ಲಿ ಅದಕ್ಕೆ ಸ್ಥಾನವಿದೆ ಎಂಬುದೇ ನಮ್ಮ ವಾದದ ತಿರುಳು.

ವಿದ್ಯಾರ್ಥಿಗಳು ಇದಕ್ಕಾಗಿ ಕಾಯುತ್ತ ಕುಳಿತಿರಬೇಕಾಗಿಯೂ ಇಲ್ಲ. ಮಂಡ್ಯ ಜಿಲ್ಲೆಯು ಬಂಡೂರು ಕುರಿಯ ತವರು. ಮಾಂಸದ ಅಂಗಡಿಯಿಂದ ಕುರಿಯ ಧ್ವನಿಪೆಟ್ಟಿಗೆಯನ್ನು ಗೇಣುದ್ದದ ಶ್ವಾಸನಾಳದೊಡನೆ ಕೇಳಿ ತಂದು, ಉಪಾಧ್ಯಾಯರ ಸಮ್ಮುಖದಲ್ಲಿ ಪರೀಕ್ಷಿಸಬಹುದು. ಶ್ವಾಸನಾಳದ ಉಂಗುರಗಳು ಒಂದು ಬದಿಯಲ್ಲಿ ಪೂರ್ತಿ ಕೂಡದೆ ತೆರೆದಿರುವುದನ್ನು ನೋಡಿರಿ. ಎಲೆಯಂತೆ ಬಾಗುವ ಮುಚ್ಚಳವನ್ನು ಬೆರಳಿನಿಂದ ಒತ್ತಿ ಬಿಡಿರಿ. ಒಳಗೆ ಬಾಗಿಲಿನ ಎರಡು ರೆಕ್ಕೆಗಳನ್ನು ಹುಡುಕಿರಿ. ಅವುಗಳ ಹಿಂಬದಿಯಲ್ಲಿ ರೆಕ್ಕೆಗಳನ್ನು ಎಳೆದು ತೆರೆಯುವ ಎರಡು ಪುಟ್ಟ ಸ್ನಾಯುಗಳಿವೆ. ಶ್ವಾಸನಾಳದ ಪಕ್ಕದಲ್ಲಿ ದಾರದಂತೆ ಮೇಲೇರಿ ಬರುವ ಬಿಳಿಯ ನರವು ಕೆಲವೊಮ್ಮೆ ಅಂಗಡಿಯವನ ಕತ್ತಿಗೆ ತಪ್ಪಿ ಉಳಿದಿರುತ್ತದೆ. ಕಂಡುದನ್ನು ಕಂಡಂತೆ ಬರೆದು, ಬಳಿಕ ಅಡ್ಡಲಾಗಿ ಸೀಳಿ, ಸೀಳಿನ ಚಿತ್ರವನ್ನೂ ಬರೆಯಿರಿ. ಕೆಲಸ ಮುಗಿದ ಮೇಲೆ ಕೈಗಳನ್ನು ಸಾಬೂನಿನಿಂದ ಚೆನ್ನಾಗಿ ತೊಳೆಯಿರಿ. ಆ ಅಡ್ಡಸೀಳಿನ ಚಿತ್ರವೇ ನೀವು ಬರೆದ ಮೊದಲನೆಯ ಪದರಚಿತ್ರ. ಎಂ.ಆರ್.ಐ. ಯಂತ್ರವು ಕತ್ತಿಯಿಲ್ಲದೆ ನೂರಾರು ಸಲ ಮಾಡುವುದೂ ಅದನ್ನೇ. ಇಷ್ಟನ್ನು ಸ್ವತಃ ಮಾಡಿ ನೋಡಿದ ಹುಡುಗ ಹುಡುಗಿಯರಲ್ಲಿ ಕೆಲವರಾದರೂ ಮುಂದೆ ಪಶುವೈದ್ಯವನ್ನು ಎರಡನೆಯ ದರ್ಜೆಯ ವಿದ್ಯೆಯೆಂದೆಣಿಸದೆ ಕೈಗೊಂಡು, ನಾವು ಮೇಲೆ ಕೇಳಿದ ಚಿತ್ರಸಂಪುಟವನ್ನು ತಾವೇ ರಚಿಸಲಿ ಎಂದು ಹಾರೈಸುತ್ತೇವೆ.